ಹೌಸಾ, ಟೆಕ್ನೋನಾ, ಟ್ರಾನ್ಸಾ? ಮೊದ್ಲು ನಿಮ್ಮತ್ರ ಎಷ್ಟೊತ್ತಿದೆ ಹೇಳಿ

ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪಲ್ಲಿ ಯಾರಾದ್ರೂ ಪಾಪದವರು "ಗುರೂ, ಜಿಮ್ಮಿಗೆ ಯಾವ್ದಾದ್ರೂ ಒಳ್ಳೆ ಇಡಿಎಂ ಇದ್ರೆ ಹೇಳ್ರೋ" ಅಂತ ಕೇಳಿದ್ರೆ ಸಾಕು, ಅವತ್ತಿನ ಕೆಲಸ ಅಲ್ಲಿಗೆ ಮುಗೀತು ಅಂತ ಲೆಕ್ಕ. ಒಬ್ಬ ಮಾರ್ಟಿನ್ ಗ್ಯಾರಿಕ್ಸ್ ಅನ್ನೋ ಡಿಜೆಯ ಲಿಂಕ್ ಹಾಕ್ತಾನೆ, ಇನ್ನೊಬ್ಬ ಅದಕ್ಕೆ ವಾಂತಿ ಮಾಡೋ ಎಮೋಜಿ ಒತ್ತುತ್ತಾನೆ, ಮೂರನೆಯವನು ಬಂದು "ಇದೆಲ್ಲ ಕಮರ್ಷಿಯಲ್ ಕಣ್ರೋ, ಮ್ಯೂಸಿಕ್ ಅಂದ್ರೆ ಟೆಕ್ನೋ" ಅಂತ ಡಿಜೆ ಒಬ್ಬ ನಿಲ್ಲಿಸದೇ ಹಾಡು ಪೋಣಿಸಿದ ಎರಡು ಗಂಟೆಯ ಸೆಟ್ ಒಂದನ್ನ ಬಿಸಾಕಿ ಮಾಯ ಆಗ್ತಾನೆ, ಕೇಳಿದವನು ಅಷ್ಟೊತ್ತಿಗೆ ಯಾವ್ದೋ ಹಳೇ ಸಿನಿಮಾ ಹಾಡಿನ ರೀಮಿಕ್ಸ್ ಹಾಕ್ಕೊಂಡು ಟ್ರೆಡ್‌ಮಿಲ್ ಹತ್ತಿ ಇಳಿದೂ ಆಗಿರುತ್ತೆ. ನಾನು ಆ ಮೂರನೆಯವನ ಜಾಗದಲ್ಲಿ ಸುಮಾರು ವರ್ಷ ಇದ್ದೆ. ಈಗ ಸ್ವಲ್ಪ ಬುದ್ಧಿ ಬಂದಿದೆ, ಹಾಗಾಗಿ ಆ ಪಾಪದವನಿಗೆ ಅವತ್ತೇ ಹೇಳಬೇಕಾಗಿದ್ದನ್ನ ಇಲ್ಲಿ ಬರೀತಿದೀನಿ.

ಮೊದ್ಲು ಇಡಿಎಂ ಅನ್ನೋ ಪದದ ಗಲಾಟೆ ಒಂದು ಇದೆ, ಅದನ್ನ ಬಗೆಹರಿಸ್ಕೊಂಡ್ ಬಿಡೋಣ. ಅಕ್ಷರ ಬಿಡಿಸಿ ನೋಡಿದ್ರೆ ಎಲೆಕ್ಟ್ರಾನಿಕ್ ಡಾನ್ಸ್ ಮ್ಯೂಸಿಕ್, ಅಂದ್ರೆ ಹೌಸು ಟೆಕ್ನೋ ಟ್ರಾನ್ಸು ಎಲ್ಲ ಅದರೊಳಗೇ ಬರುತ್ತೆ. ಆದ್ರೆ 2010ರಿಂದ ಈಚೆ ಅಮೆರಿಕಾದಲ್ಲಿ ದೊಡ್ಡ ದೊಡ್ಡ ಫೆಸ್ಟಿವಲ್ಲು, ಲಾಸ್ ವೇಗಸ್ ಕ್ಲಬ್ಬು, ರೇಡಿಯೋ ಎಲ್ಲ ಸೇರಿ ಈ ಮೂರಕ್ಷರವನ್ನ ಒಂದು ಬ್ರ್ಯಾಂಡ್ ಥರ ಮಾರಿದ್ವು, ಆಮೇಲಿಂದ ತುಂಬ ಜನಕ್ಕೆ ಇಡಿಎಂ ಅಂದ್ರೆ ಹಬೆ, ಬೆಂಕಿ, "ಎಲ್ರೂ ಕೈ ಎತ್ರಿ" ಅನ್ನೋ ಆ ಒಂದೇ ಥರದ ಸದ್ದು. ಟೆಕ್ನೋ ಕೇಳೋರಿಗೆ ಅವರದ್ದನ್ನ ಇಡಿಎಂ ಅಂದ್ರೆ ಮೈ ಉರಿಯೋದು ಅದಕ್ಕೇ. ನಾನು ಇಲ್ಲಿ ಮೊದಲನೇ ಅರ್ಥದಲ್ಲೇ ಬಳಸ್ತೀನಿ, ಉರ್ಕೊಳ್ಳೋರು ಉರ್ಕೊಳ್ಳಿ.

ಸರಿ, ಆರಿಸ್ಕೊಳ್ಳೋದು ಹೇಗೆ? ಎಲ್ರೂ ಬಿಪಿಎಂ ಲೆಕ್ಕ ಹೇಳ್ತಾರೆ, ನಿಮಿಷಕ್ಕೆ ಎಷ್ಟು ಬಡಿತ ಅಂತ. ಅದು ಬೇಕು, ಆದ್ರೆ ಅದರಿಂದ ಇಷ್ಟ ಆಗುತ್ತಾ ಇಲ್ವಾ ಗೊತ್ತಾಗಲ್ಲ. ನನ್ನ ಅಳತೆಗೋಲು ಬೇರೆ. ಒಂದು ಜಾನರ್‌ನ, ಅಂದ್ರೆ ಸಂಗೀತದ ಒಂದು ಬಗೆಯನ್ನ, ಕತ್ತರಿಸಿ ಮೂರು ನಿಮಿಷಕ್ಕೆ ಇಳಿಸಿದ್ರೆ ಎಷ್ಟು ಸತ್ತೋಗುತ್ತೆ, ಎಷ್ಟು ಉಳಿಯುತ್ತೆ? ಇದನ್ನ ನೋಡಿ. ಕಮ್ಮಿ ಸಾಯೋದೆಲ್ಲ ಮೇನ್‌ಸ್ಟ್ರೀಮ್ ಆಗಿದೆ, ಜಾಸ್ತಿ ಸಾಯೋದು ಅಂಡರ್‌ಗ್ರೌಂಡ್ ಆಗೇ ಉಳಿದಿದೆ, ಹೆಚ್ಚುಕಮ್ಮಿ ಇಷ್ಟೇ ಕಥೆ. ಒಳ್ಳೇದು ಕೆಟ್ಟದ್ದು ಅನ್ನೋ ಜಗಳ ಇದರ ಮೇಲೆ ಹಚ್ಚಿದ ಬಣ್ಣ.

ನಾನು ಶಿರಸಿ ಕಡೆಯವ್ನು, ನಮಗೆ ಇದು ಹೊಸ ಜಗಳ ಅಲ್ವೇ ಅಲ್ಲ. ಬೆಳಗಿನವರೆಗೆ ನಡೀತಿದ್ದ ಯಕ್ಷಗಾನ ಕಾಲಮಿತಿ ಆದಾಗ ನಮ್ಮ ಅಜ್ಜಂದಿರು ಇದನ್ನೇ ಆಡಿದ್ರು. "ಮೂರು ಗಂಟೆಲಿ ಎಂಥ ಆಟ ಮಾರಾಯ, ಭಾಗವತರ ಗಂಟಲು ಬಿಸಿ ಆಪುದ್ರೊಳಗೆ ಮಂಗಳ" ಅಂತ. ಆದ್ರೆ ಕಾಲಮಿತಿ ಆಟ ನೋಡೇ ಯಕ್ಷಗಾನದ ರುಚಿ ಹತ್ತಿಸ್ಕೊಂಡ ಹುಡುಗರು ನನ್ನ ಬಳಗದಲ್ಲೇ ಎಷ್ಟೋ ಜನ ಇದಾರೆ, ನಾನೂ ಒಬ್ಬ. ಎರಡೂ ನಿಜ. ಇದನ್ನ ತಲೇಲಿಟ್ಕೊಂಡು ಮುಂದೆ ಓದಿ.

ಕತ್ತರಿಸಿದ್ರೂ ಏನೂ ಆಗದ ಜಾನರ್ ಅಂದ್ರೆ ಬಿಗ್ ರೂಮ್. 2012-14ರ ಹೊತ್ತಿಗೆ ಟುಮಾರೋಲ್ಯಾಂಡ್, ಅಲ್ಟ್ರಾ ಥರದ ಫೆಸ್ಟಿವಲ್‌ಗಳಲ್ಲಿ ಎಲ್ಲಿ ನೋಡಿದ್ರೂ ಇದೇ. ಇದರ ಒಂದು ಚಂದದ ಗಣಿತ ಹೇಳ್ತೀನಿ ಕೇಳಿ. 128 ಬಿಪಿಎಂ ಅಂದ್ರೆ ನಿಮಿಷಕ್ಕೆ 128 ಬಡಿತ, ನಾಕು ಬಡಿತಕ್ಕೆ ಒಂದು ಬಾರ್ ಅಂದ್ರೆ 32 ಬಾರ್‌ಗೆ ಕರೆಕ್ಟಾಗಿ ಒಂದು ನಿಮಿಷ. ಅಂದ್ರೆ 16 ಬಾರ್ ಪೀಠಿಕೆ, 16 ಬಾರ್ ಏರಿಸೋದು, ಅಲ್ಲಿಗೆ ಒಂದು ನಿಮಿಷ, ಧಡಾರ್ ಅಂತ ಡ್ರಾಪು, ಅಂದ್ರೆ ಏರಿಸಿದ್ದೆಲ್ಲ ಒಮ್ಮೆಲೇ ಬಡಿತವಾಗಿ ಬೀಳೋ ಜಾಗ. ಸ್ಟ್ರೀಮಿಂಗ್ ಕಾಲಕ್ಕೆ ಹೇಳಿ ಮಾಡಿಸಿದ ಹಾಗಿದೆ. ಮಾರ್ಟಿನ್ ಗ್ಯಾರಿಕ್ಸ್ 2013ರಲ್ಲಿ 'ಅನಿಮಲ್ಸ್' ಬಿಟ್ಟಾಗ ಅವನಿಗಿನ್ನೂ 17 ವರ್ಷ, ಆ ಡ್ರಾಪಲ್ಲಿ ಇರೋದು ಒಂದು ಕಿಕ್ಕು (ಧಬ್ ಅನ್ನೋ ದೊಡ್ಡ ಡ್ರಮ್ಮಿನ ಬಡಿತ), ಒಂದು ಟೊಕ್ ಟೊಕ್ ಅನ್ನೋ ಪ್ಲಕ್ ಸದ್ದು, ಅಷ್ಟೇ, ಆದ್ರೆ ಐವತ್ತು ಸಾವಿರ ಜನ ನಿಂತಿರೋ ಮೈದಾನದಲ್ಲಿ ಇದಕ್ಕಿಂತ ಜಾಸ್ತಿ ಸದ್ದು ಹಾಕಿದ್ರೆ ಎಲ್ಲ ಕಲಸಿ ಗೊಜ್ಜಾಗುತ್ತೆ. ದೊಡ್ಡ ಜಾಗಕ್ಕೆ ಸರಳ ಸದ್ದೇ ಸರಿ, ನಮ್ಮೂರ ತೇರಿನ ಎದುರು ವೀಣೆ ನುಡಿಸಲ್ಲ ತಾನೇ, ಹಾಗೆ. ಹತ್ತು ಟ್ರ್ಯಾಕ್ ಕೇಳೋ ಹೊತ್ತಿಗೆ ಯಾವ್ದು ಯಾವ್ದು ಅಂತ ಗೊತ್ತಾಗಲ್ಲ ಅನ್ನೋ ದೂರನ್ನ ನಾನು ಒಪ್ತೀನಿ. ಆದ್ರೆ ಜಿಮ್ಮಿಗೆ ಕೇಳಿದವನಿಗೆ ಇದೇ ಕರೆಕ್ಟು, ನಾವ್ಯಾರು ಬೇಡ ಅನ್ನೋಕೆ.

ಹೌಸ್ ಕತ್ತರಿಸಿದ್ರೆ ಸ್ವಲ್ಪ ಗಾಯ ಆಗುತ್ತೆ, ಬದುಕುತ್ತೆ. ಯಾಕಂದ್ರೆ ಅದರಲ್ಲಿ ಹಾಡು ಇರುತ್ತೆ, ದನಿ ಇರುತ್ತೆ, ಪಿಯಾನೋ ಇರುತ್ತೆ. ಹುಟ್ಟಿದ್ದು ಶಿಕಾಗೋದಲ್ಲಿ, ವೇರ್‌ಹೌಸ್ ಅನ್ನೋ ಕ್ಲಬ್ಬಲ್ಲಿ 1977ರಿಂದ 82ರವರೆಗೆ ಫ್ರ್ಯಾಂಕಿ ನಕಲ್ಸ್ ರೆಕಾರ್ಡ್ ಹಾಕ್ತಿದ್ದ, ಆ ಕ್ಲಬ್ಬಿನ ಹೆಸರಿನ ಬಾಲವೇ ಹೌಸ್ ಆಯ್ತು ಅಂತಾರೆ. ಬರ್ತಿದ್ದೋರು ಹೆಚ್ಚಿನವರು ಕಪ್ಪು ಜನ, ಲ್ಯಾಟಿನೋಗಳು, ಸಲಿಂಗಿಗಳು, ಊರಲ್ಲಿ ಬೇರೆಲ್ಲೂ ನೆಮ್ಮದಿಯಾಗಿ ಕುಣಿಯೋಕೆ ಜಾಗ ಇಲ್ಲದವರು. ಇದರ ಹಿಂದಿನ ಕಥೆ ಇನ್ನೂ ಮಜಾ ಇದೆ. ಅದೇ ಶಿಕಾಗೋದ ಬೇಸ್‌ಬಾಲ್ ಸ್ಟೇಡಿಯಂನಲ್ಲಿ 1979ರ ಜುಲೈ 12ಕ್ಕೆ ಒಬ್ಬ ರೇಡಿಯೋ ಜಾಕಿ ಡಿಸ್ಕೋ ರೆಕಾರ್ಡುಗಳನ್ನ ರಾಶಿ ಹಾಕಿ ಪಟಾಕಿ ಥರ ಸಿಡಿಸಿದ, ಜನ ಮೈದಾನಕ್ಕೆ ನುಗ್ಗಿ ಪಿಚ್ಚೆಲ್ಲ ಹಾಳಾಗಿ ಅವತ್ತಿನ ಎರಡನೇ ಮ್ಯಾಚನ್ನ ಊರಿನ ಟೀಮು ಆಡದೇ ಸೋಲಬೇಕಾಯ್ತು. ಡಿಸ್ಕೋ ಅತಿಯಾಯ್ತು, ಎಲ್ಲಿ ನೋಡಿದ್ರೂ ಅದೇ ಅನ್ನೋದು ಮೇಲಿನ ಸಿಟ್ಟು, ಅದರೊಳಗೆ ಕಪ್ಪು ಜನರ ಮೇಲಿನ, ಸಲಿಂಗಿಗಳ ಮೇಲಿನ ಅಸಡ್ಡೆಯೂ ಇತ್ತು ಅಂತ ಆಮೇಲೆ ಸುಮಾರು ಜನ ಹೇಳಿದಾರೆ. ಸುಟ್ಟಿದ್ದೂ ಶಿಕಾಗೋ, ಆ ಬೂದಿಯಿಂದ ಹೌಸ್ ಎದ್ದಿದ್ದೂ ಶಿಕಾಗೋ! ನಲವತ್ತು ಚಿಲ್ಲರೆ ವರ್ಷ ಆದ್ಮೇಲೆ 2022ರಲ್ಲಿ ಬಿಯಾನ್ಸೆ ಇಡೀ ಒಂದು ಆಲ್ಬಮ್ಮನ್ನೇ ಈ ಪರಂಪರೆ ಮೇಲೆ ಕಟ್ಟಿದ್ಲು, ಅದಕ್ಕೆ ಮುಂದಿನ ವರ್ಷ ಡಾನ್ಸ್ ವಿಭಾಗದ ಗ್ರ್ಯಾಮಿ ಬಂತು. ಹೊಸಬರು ಯಾರೇ ಕೇಳಿದ್ರೂ ನಾನು ಮೊದ್ಲು ಹೌಸ್ ಅಂತೀನಿ, 120ರಿಂದ 128ರ ನಡಿಗೆ, ಅಡುಗೆ ಮಾಡ್ತಾ ಕೇಳಬಹುದು, ಅಮ್ಮ ಬಂದು "ಎಂಥದು ಕಿರುಚಾಟ" ಅನ್ನಲ್ಲ.

ಒಂದು ಸಣ್ಣ ಅಡ್ಡದಾರಿ ಹಿಡೀತೀನಿ. ಆಸಿಡ್ ಹೌಸ್ ಅನ್ನೋ ಕವಲಿದೆ, ಚುಯ್ಯ್ ಚುಯ್ಯ್ ಅಂತ ಹಿಂಡೋ ಬಾಸ್ (ತಗ್ಗು ಸ್ಥಾಯಿಯ) ಸದ್ದು, ರೋಲ್ಯಾಂಡ್ ಕಂಪನಿಯ ಟಿಬಿ-303 ಅನ್ನೋ ಪೆಟ್ಟಿಗೆಯದ್ದು. ಗಿಟಾರಿಸ್ಟುಗಳ ಪ್ರ್ಯಾಕ್ಟೀಸಿಗೆ ಬಾಸ್ ಗಿಟಾರ್ ಬದಲು ಅಂತ ಮಾಡಿದ್ದು, ಯಾರೂ ತಗೊಳ್ಳಲಿಲ್ಲ, ಸೆಕೆಂಡ್‌ಹ್ಯಾಂಡ್ ಅಂಗಡಿ ಸೇರಿತ್ತು, ಶಿಕಾಗೋ ಹುಡುಗರು ಅದರ ಗುಂಡಿ ತಿರುಚಿ ತಿರುಚಿ 1987ರಲ್ಲಿ ಹತ್ತು ನಿಮಿಷ ದಾಟೋ ಟ್ರ್ಯಾಕ್ ಮಾಡಿ ಹೆಸರಾದ್ರು. ಆದ್ರೆ ಅದಕ್ಕೂ ಐದು ವರ್ಷ ಮೊದ್ಲು, 1982ರಲ್ಲಿ, ಮುಂಬೈನಲ್ಲಿ ಸಿನಿಮಾ ಆರ್ಕೆಸ್ಟ್ರಾದಲ್ಲಿ ನುಡಿಸ್ತಿದ್ದ ಚರಣ್‌ಜಿತ್ ಸಿಂಗ್ ಅನ್ನೋರು ಅದೇ ಪೆಟ್ಟಿಗೆ ಇಟ್ಕೊಂಡು ಡಿಸ್ಕೋ ಬೀಟಿಗೆ ಹತ್ತು ರಾಗ ನುಡಿಸಿ ಆಲ್ಬಮ್ ತಂದಿದ್ರು. ಅವಾಗ ಯಾರೂ ತಿರುಗಿ ನೋಡಲಿಲ್ಲ. 2010ರಲ್ಲಿ ಮತ್ತೆ ರಿಲೀಸ್ ಆದಾಗ ಯುರೋಪಿನವರು ಬಾಯಿಮೇಲೆ ಬೆರಳಿಟ್ಕೊಂಡ್ರು. ಕರ್ನಾಟಕ ಸಂಗೀತ ಕೇಳಿ ಬೆಳೆದೋರಿಗೆ ಎಲ್ಲಿಂದ ಶುರು ಮಾಡೋದು ಅಂತ ಗೊತ್ತಾಗದಿದ್ರೆ ಇಲ್ಲಿಂದ ಮಾಡಿ, ರಾಗ ಕೈ ಹಿಡ್ಕೊಂಡು ಒಳಗೆ ಕರ್ಕೊಂಡು ಹೋಗುತ್ತೆ.

ಈಗ ಟೆಕ್ನೋ. ಇದನ್ನ ಮೂರು ನಿಮಿಷಕ್ಕೆ ಕತ್ತರಿಸಿದ್ರೆ ಸತ್ತೇ ಹೋಗುತ್ತೆ, ಹೆಣದ ಹಾಗೆ ಧಬ್ ಧಬ್ ಮಾತ್ರ ಉಳಿಯುತ್ತೆ, ಅದನ್ನ ಕೇಳಿ "ಇದರಲ್ಲಿ ಏನಿದೆ" ಅಂತಾರೆ, ಅನ್ನೋದು ಸರಿಯೇ. ಡೆಟ್ರಾಯಿಟ್ ಪಕ್ಕದ ಬೆಲ್‌ವಿಲ್ ಅನ್ನೋ ಊರಲ್ಲಿ ಒಂದೇ ಶಾಲೆಗೆ ಹೋಗ್ತಿದ್ದ ಹುವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಮೂರು ಜನ ಎಂಬತ್ತರ ದಶಕದಲ್ಲಿ ಕಟ್ಟಿದ್ದು, ಕಾರ್ ಫ್ಯಾಕ್ಟರಿಗಳು ಮುಚ್ಚಿ ಊರು ಖಾಲಿ ಆಗ್ತಿದ್ದ ಕಾಲ, ಸದ್ದಲ್ಲೂ ಆ ಮೆಷಿನ್ನು ಆ ಖಾಲಿತನ ಎರಡೂ ಇದೆ. ಆಮೇಲೆ ಬರ್ಲಿನ್ ಗೋಡೆ ಬಿದ್ದು ಪೂರ್ವ ಬರ್ಲಿನ್ನಲ್ಲಿ ಮಾಲೀಕರಿಲ್ಲದ ಗೋಡೌನುಗಳು ಸಿಕ್ಕಿದ್ವು, 1991ರಲ್ಲಿ ಟ್ರೆಸೋರ್ ಅನ್ನೋ ಕ್ಲಬ್ಬು ಹಳೇ ಅಂಗಡಿಯೊಂದರ ನೆಲಮಾಳಿಗೆಯ ತಿಜೋರಿ ಕೋಣೆಯಲ್ಲೇ ಶುರುವಾಯ್ತು, ಅದೇ ಊರಿನ ಈಗಿನ ಬರ್ಗೈನ್ ಅನ್ನೋ ಕ್ಲಬ್ಬಲ್ಲಂತೂ ಶನಿವಾರ ರಾತ್ರಿ ಶುರುವಾಗಿದ್ದು ಸೋಮವಾರ ಬೆಳಗ್ಗೆ ಮುಗಿಯೋದು, ಬಾಗಿಲಲ್ಲೇ ಫೋನ್ ಕ್ಯಾಮರಾಗೆ ಸ್ಟಿಕ್ಕರ್ ಅಂಟಿಸ್ತಾರೆ. ಅಂಥ ಹೊತ್ತಿಗೆ ಮಾಡಿದ ಸಂಗೀತ ಇದು. ಆಲಾಪನೆ ಕೇಳೋ ತಾಳ್ಮೆ ಇದ್ದೋರಿಗೆ ಬೇಗ ಅರ್ಥ ಆಗುತ್ತೆ, ನಾಕು ನಿಮಿಷ ಏನೂ ಬದಲಾಗಿಲ್ಲ ಅನ್ನಿಸ್ತಿರುತ್ತೆ, ಐದನೇ ನಿಮಿಷಕ್ಕೆ ಒಂದು ಹೈ-ಹ್ಯಾಟ್ (ಡ್ರಮ್ಮಿನ ಜೊತೆಯ ಜೋಡಿ ತಾಳದ ಸದ್ದು) ಸೇರ್ಕೊಳ್ಳುತ್ತೆ, ಅಷ್ಟಕ್ಕೇ ಇಡೀ ಕೋಣೆ ಬೆಳಕಾದ ಹಾಗೆ. 2016ರಲ್ಲಿ ಜರ್ಮನಿಯ ಕೋರ್ಟೊಂದು ಬರ್ಗೈನ್ ಮಾಡೋದು ಉನ್ನತ ಸಂಸ್ಕೃತಿ, ಅದಕ್ಕೆ ತೆರಿಗೆ ಕಮ್ಮಿ ಅಂದಿತ್ತು, 2024ರಲ್ಲಿ ಬರ್ಲಿನ್ ಟೆಕ್ನೋ ಆ ದೇಶದ ಪಾರಂಪರಿಕ ಸಂಸ್ಕೃತಿ ಪಟ್ಟಿಗೂ ಸೇರ್ತು. ಸರ್ಕಾರಿ ಸರ್ಟಿಫಿಕೇಟ್ ಸಿಕ್ಕಿದ್ದು ಇನ್ನೂ ಅಂಡರ್‌ಗ್ರೌಂಡಾ ಅಂತ ನಮ್ಮ ಗ್ರೂಪಿನ ಮೂರನೆಯವನನ್ನ ಕೇಳಿದ್ರೆ ಎರಡು ದಿನ ರಿಪ್ಲೈ ಇಲ್ಲ. ಈಗ ಸಣ್ಣ ವಿಡಿಯೋಗಳಲ್ಲಿ ಓಡ್ತಿರೋ 150 ಬಿಪಿಎಂ ಹಾರ್ಡ್ ಟೆಕ್ನೋ ಇದೆಯಲ್ಲ, ನನ್ನ ಪ್ರಕಾರ ಅದು ಟೆಕ್ನೋ ಬಟ್ಟೆ ಹಾಕ್ಕೊಂಡ ಬಿಗ್ ರೂಮ್, ಅಲ್ಲೂ ನಿಮಿಷಕ್ಕೊಂದು ಡ್ರಾಪು. ಬೇಕಾದ್ರೆ ಕೇಳಿ, ಆದ್ರೆ ಅದನ್ನ ಕೇಳಿ ಟೆಕ್ನೋ ಬೇಡ ಅಂದ್ಕೋಬೇಡಿ.

ಟ್ರಾನ್ಸ್ ಮತ್ತು ಸೈಟ್ರಾನ್ಸ್ ಎರಡೂ ಒಂದೇ ಅಂದ್ಕೊಂಡೋರು ಜಾಸ್ತಿ. ಟ್ರಾನ್ಸ್ ಅಂದ್ರೆ 130-140ರಲ್ಲಿ ಓಡೋ ರಾಗದ ಸಂಗೀತ, ತೊಂಬತ್ತರ ದಶಕದ ಜರ್ಮನಿಯದ್ದು, ನಡುವೆ ಬಡಿತ ಪೂರ್ತಿ ನಿಂತು ಒಂದೂವರೆ ಎರಡು ನಿಮಿಷ ಬರೀ ಮೆಲೊಡಿ ತೇಲುತ್ತೆ, ಆಮೇಲೆ ಬಡಿತ ವಾಪಸ್ ಬಂದಾಗ ಕಣ್ಣಲ್ಲಿ ನೀರು. ಆ ಕಾಯೋದೇ ಅದರ ಜೀವ, ರೇಡಿಯೋ ಎಡಿಟ್ ಮಾಡೋರು ಕತ್ತರಿಸೋದೂ ಅದನ್ನೇ. ಟ್ರಾನ್ಸ್ ಡಿಜೆ ಟಿಯೆಸ್ಟೋ 2004ರ ಅಥೆನ್ಸ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ನುಡಿಸಿದ, ಆರ್ಮಿನ್ ವಾನ್ ಬ್ಯೂರನ್ ಐದು ಸಲ ಡಿಜೆ ಮ್ಯಾಗ್ ಅನ್ನೋ ಪತ್ರಿಕೆಯ ಓಟಿಂಗಲ್ಲಿ ನಂಬರ್ ಒನ್ ಆದ, ಹಾಗಾಗಿ ಒಂದು ಕಾಲಕ್ಕೆ ಇದೇ ಮೇನ್‌ಸ್ಟ್ರೀಮು. ಆಮೇಲೆ ಟಿಯೆಸ್ಟೋ ಟ್ರಾನ್ಸ್ ಬಿಟ್ಟು ಹೌಸು, ಪಾಪ್ ಕಡೆ ಹೋದಾಗ ಹಳೇ ಫ್ಯಾನುಗಳು ಮನೆ ಮಗ ಓಡಿಹೋದ ಹಾಗೆ ಗೋಳಾಡಿದ್ರು, ಕೆಲವರು ಈಗ್ಲೂ ಗೋಳಾಡ್ತಿದಾರೆ.

ಸೈಟ್ರಾನ್ಸ್ ನಮ್ಮ ಪಕ್ಕದ ಮನೆಯದ್ದು. ಗೋವಾದ ಅಂಜುನಾ, ವಾಗಾತೋರ್ ಬೀಚುಗಳಲ್ಲಿ ಬೆಳೆದದ್ದು, ಕ್ಯಾಲಿಫೋರ್ನಿಯಾದಿಂದ ಬಂದು ಇಲ್ಲೇ ಬೇರುಬಿಟ್ಟ ಗೋವಾ ಗಿಲ್ ಒಂದೇ ಸಮ 24 ಗಂಟೆ ನುಡಿಸೋದಕ್ಕೆ ಹೆಸರಾಗಿದ್ದ, 2023ರಲ್ಲಿ ತೀರ್ಕೊಂಡ. ಒಂದು ಕಿಕ್ಕು, ಅದರ ಹಿಂದೆ ಮೂರು ಬಾಸ್ ಬಡಿತ, ಧಗ್-ಡಗಡ ಧಗ್-ಡಗಡ ಅಂತ ಕುದುರೆ ಓಡಿದ ಹಾಗೆ, 140ರ ಮೇಲೆ. ಟ್ರ್ಯಾಕ್ ಏಳೆಂಟು ನಿಮಿಷಕ್ಕೆ ಕಮ್ಮಿ ಇರಲ್ಲ. ಕಾರವಾರ, ಗೋಕರ್ಣದ ಕಡೆಯ ಹುಡುಗರಿಗೆ ಇದರ ಪರಿಚಯ ಬೆಂಗಳೂರಿನವರಿಗಿಂತ ಮೊದ್ಲೇ ಆಗಿರುತ್ತೆ, ಬಸ್ಸಿಗೆ ಹತ್ತಿರ ನೋಡಿ. ನನಗೆ ಇದು ಕೋಡ್ ಬರೆಯೋವಾಗ ಬೇಕು, ಮಾತಿಲ್ಲ, ರಾಗ ಗಮನ ಎಳೆಯಲ್ಲ, ಎರಡು ಗಂಟೆ ಹೋಗಿದ್ದೇ ತಿಳಿಯಲ್ಲ. ಕುಣಿಯೋಕೆ ಮಾತ್ರ ನನ್ನ ಮಂಡಿ ಒಪ್ಪಲ್ಲ.

ಮುಂದಿನ ಎರಡಕ್ಕೆ ಹೊತ್ತಿಗಿಂತ ಸ್ಪೀಕರ್ ಮುಖ್ಯ. ಡ್ರಮ್ ಅಂಡ್ ಬಾಸ್ ಇಂಗ್ಲೆಂಡಿನದ್ದು, 170-180 ಬಿಪಿಎಂ, ಆದ್ರೆ ಹೆದರಬೇಡಿ, ಮೇಲೆ ಡ್ರಮ್ಮು ಎರಡರ ಕಾಲದಲ್ಲಿ ಓಡ್ತಿದ್ರೆ ಕೆಳಗೆ ಬಾಸು ಒಂದರ ಕಾಲದಲ್ಲಿ ನಡೀತಿರುತ್ತೆ, ತಾಳ ಹಾಕೋ ಅಭ್ಯಾಸ ಇದ್ದೋರು ನಿಧಾನದ್ದನ್ನ ಹಿಡ್ಕೊಂಡ್ರೆ ಆರಾಮ. ಇದರ ಬೇರಿನಲ್ಲಿರೋದು 1969ರ ಒಂದು ಹಾಡಲ್ಲಿ ಗ್ರೆಗರಿ ಕೋಲ್ಮನ್ ಅನ್ನೋ ಡ್ರಮ್ಮರ್ ಬಾರಿಸಿದ ಆರೇಳು ಸೆಕೆಂಡಿನ ತುಣುಕು, ಅಮೆನ್ ಬ್ರೇಕ್ ಅಂತಾರೆ. ಅದನ್ನ ಕತ್ತರಿಸಿ, ವೇಗ ಮಾಡಿ, ತಿರುವಿ ಹಾಕಿ ಸಾವಿರಾರು ಟ್ರ್ಯಾಕ್ ಆದ್ವು, ಆ ಮನುಷ್ಯನಿಗೆ ಒಂದು ಪೈಸೆ ರಾಯಲ್ಟಿ ಬರಲಿಲ್ಲ, 2006ರಲ್ಲಿ ಬಡತನದಲ್ಲೇ ಹೋಗ್ಬಿಟ್ಟ. ನನಗೆ ಆ ಬೀಟ್ ಕೇಳಿದಾಗಲೆಲ್ಲ ಇದು ನೆನಪಾಗುತ್ತೆ, ಏನು ಮಾಡ್ಲಿ.

ಡಬ್‌ಸ್ಟೆಪ್ ವಿಷಯದಲ್ಲಂತೂ ಜಗಳ ಆಡ್ತಿರೋ ಎರಡು ಪಾರ್ಟಿಗಳು ಕೇಳ್ತಿರೋದೇ ಬೇರೆ ಬೇರೆ ಸಂಗೀತ. 2000ದ ಸುಮಾರಿಗೆ ದಕ್ಷಿಣ ಲಂಡನ್ನಿನ ಕ್ರಾಯ್ಡನ್‌ನಲ್ಲಿ, ಒಂದು ರೆಕಾರ್ಡ್ ಅಂಗಡಿ ಸುತ್ತ ಸೇರಿದ ಸ್ಕ್ರೀಮ್, ಬೆಂಗಾ ಥರದ ಹುಡುಗರು ಮಾಡಿದ್ದು ಕತ್ತಲೆಯ, ಖಾಲಿಖಾಲಿ ಸಂಗೀತ, ಅದರ ಮುಖ್ಯ ಸದ್ದು 40-60 ಹರ್ಟ್ಜ್ ಹತ್ತಿರ ಇರುತ್ತೆ, ಕಿವಿಗಿಂತ ಎದೆಗೆ ಕೇಳಿಸೋದು. ಫೋನ್ ಸ್ಪೀಕರಲ್ಲಿ, ಲ್ಯಾಪ್‌ಟಾಪಲ್ಲಿ ಹಾಕಿದ್ರೆ ಆ ಬಾಸ್ ಬರೋದೇ ಇಲ್ಲ, ಯಾರೋ ಪಕ್ಕದ ರೂಮಲ್ಲಿ ಬಕೆಟ್ ತಟ್ಟಿದ ಹಾಗೆ ಇರುತ್ತೆ. 2010ರಲ್ಲಿ ಅಮೆರಿಕಾದ ಸ್ಕ್ರಿಲೆಕ್ಸ್ ಬಂದು ಏನು ಮಾಡಿದ ಅಂದ್ರೆ ಆ ಬಾಸನ್ನ ಕೆಳಗಿಂದ ಎತ್ತಿ ಮಧ್ಯದ ಸ್ಥಾಯಿಗೆ ತಂದು ಗರಗಸದ ಹಾಗೆ ಗುರ್ರ್ ಅನ್ನಿಸಿದ. ಅದು ಎಂಥ ಡಬ್ಬಾ ಲ್ಯಾಪ್‌ಟಾಪಲ್ಲೂ ಕೇಳ್ಸುತ್ತೆ! ಯೂಟ್ಯೂಬ್ ಕಾಲ, ಹಾಸ್ಟೆಲ್ ಹುಡುಗರು, ಎಲ್ರ ಹತ್ರ ಲ್ಯಾಪ್‌ಟಾಪು, ಇನ್ನೇನು ಬೇಕು, 2012ರ ಗ್ರ್ಯಾಮಿಯಲ್ಲಿ ಮೂರು ಬಾಚ್ಕೊಂಡ. ಲಂಡನ್ನಿನವರು ಅದನ್ನ ಬ್ರೋಸ್ಟೆಪ್ ಅಂತ ಆಡ್ಕೊಂಡ್ರು. ನನ್ನ ಸಲಹೆ ಇಷ್ಟು, ನಿಮ್ಮತ್ರ ಸಬ್‌ವೂಫರ್ ಇದ್ರೆ ಅಥವಾ ಸ್ವಲ್ಪ ಒಳ್ಳೆ ಹೆಡ್‌ಫೋನ್ ಇದ್ರೆ ಹಳೇದು, ಇಲ್ಲಾಂದ್ರೆ ಸ್ಕ್ರಿಲೆಕ್ಸು, ಇದರಲ್ಲಿ ಮರ್ಯಾದೆ ಪ್ರಶ್ನೆ ಏನಿಲ್ಲ. ನಮ್ಮ ಗಣೇಶನ ಮೆರವಣಿಗೆಯ ತಮಟೆ ಇಷ್ಟ ಪಡೋರು ನಮ್ಮ ದೇಶದ್ದೇ ಡಿಜೆ ನ್ಯೂಕ್ಲಿಯಾ ಕೇಳಿ, 2015ರ ಅವನ 'ಬಾಸ್ ರಾಣಿ'ಯಲ್ಲಿ ಬೀದಿ ಡ್ರಮ್ಮು ಮತ್ತು ಈ ಬಾಸು ಜೊತೆಗೆ ಕುಣಿಯುತ್ತೆ.

ಉಳಿದದ್ದನ್ನ ಬೇಗ ಮುಗಿಸ್ತೀನಿ. ಹಾರ್ಡ್‌ಸ್ಟೈಲ್ ಡಚ್ಚರದ್ದು, 150ರ ಸುತ್ತ, ಕಿಕ್ಕೇ ಮೆಲೊಡಿ, ಐದು ನಿಮಿಷದಲ್ಲಿ ನಿಮಗೆ ಹಿಡಿಸುತ್ತಾ ಇಲ್ವಾ ಗೊತ್ತಾಗುತ್ತೆ. ಟ್ರಾಪಿಕಲ್ ಹೌಸ್ ಕೆಫೆಯಲ್ಲಿ ಕಾಫಿ ಜೊತೆ ಪುಕ್ಕಟೆ ಬರುತ್ತೆ, ಹುಡುಕಬೇಕಾಗಿಲ್ಲ. ಅಮಾಪಿಯಾನೋ ದಕ್ಷಿಣ ಆಫ್ರಿಕಾದ್ದು, 112ರ ಹತ್ತಿರದ ನಿಧಾನ ನಡಿಗೆ, ಲಾಗ್ ಡ್ರಮ್ ಅನ್ನೋ ಗುಡುಗೋ ಬಾಸು, ಈ ಎರಡು ವರ್ಷದಲ್ಲಿ ನಾನು ಅತಿ ಹೆಚ್ಚು ಕೇಳಿರೋದು ಬಹುಶಃ ಇದನ್ನೇ.

ಇನ್ನು "ಫೇಮಸ್ ಆಯ್ತು ಅಂದ್ರೆ ಕೆಟ್ಟೋಯ್ತು" ಅನ್ನೋ ವಾದ. 2013ರ ಮಾರ್ಚಲ್ಲಿ ಮಯಾಮಿಯ ಅಲ್ಟ್ರಾದಲ್ಲಿ ಸ್ವೀಡನ್ನಿನ ಡಿಜೆ ಅವೀಚಿ ಸ್ಟೇಜ್ ಮೇಲೆ ಬ್ಯಾಂಜೋ ಗೀಂಜೋ ಹಿಡ್ಕೊಂಡ ಹಳ್ಳಿ ಕಡೆ ವಾದ್ಯದವರನ್ನ ಕರ್ಕೊಂಡು ಬಂದ, ಕುಣಿಯೋಕೆ ಬಂದೋರು ಮುಖ ಸಿಂಡರಿಸಿದ್ರು, ಇಂಟರ್ನೆಟ್ಟಲ್ಲಿ ಬೈದಿದ್ದೇ ಬೈದಿದ್ದು. ಕೆಲವೇ ತಿಂಗಳಿಗೆ ಅದರಲ್ಲಿದ್ದ 'ವೇಕ್ ಮಿ ಅಪ್' ಎಷ್ಟೋ ದೇಶದಲ್ಲಿ ನಂಬರ್ ಒನ್. ನೋಡಿ ಇಲ್ಲಿ ಬೈದೋರು ಅಂಡರ್‌ಗ್ರೌಂಡಿನವರಲ್ಲ, ಮೇನ್‌ಸ್ಟ್ರೀಮ್ ಫೆಸ್ಟಿವಲ್ಲಿಗೇ ದುಡ್ಡು ಕೊಟ್ಟು ಬಂದೋರು! ಹಾಗಾಗಿ ಯಾರು ಬೈತಾರೆ ಅನ್ನೋದರ ಮೇಲೆ ಏನನ್ನೂ ಆರಿಸ್ಕೋಬೇಡಿ. ಆದ್ರೆ ಮೇನ್‌ಸ್ಟ್ರೀಮ್ ಆಗೋದರಿಂದ ನಿಜವಾಗ್ಲೂ ಒಂದು ನಷ್ಟ ಇದೆ, ಅದನ್ನೂ ಹೇಳ್ಬೇಕು. ಸ್ಪಾಟಿಫೈಯಲ್ಲಿ 30 ಸೆಕೆಂಡ್ ಕೇಳಿದ್ರೆ ಒಂದು ಪ್ಲೇ ಲೆಕ್ಕ, ಎಂಟು ನಿಮಿಷ ಕೇಳಿದ್ರೂ ಅದೇ ಒಂದು. ಹೀಗಿದ್ಮೇಲೆ ಯಾರು ಉದ್ದಕ್ಕೆ ಮಾಡ್ತಾರೆ? ಈಗ ಎರಡೂವರೆ ನಿಮಿಷದ "ಟೆಕ್ನೋ" ಬರ್ತಿರೋದು ಇದಕ್ಕೇ. ಹುಡುಕೋವಾಗ ಹೆಸರಿನ ಮುಂದೆ ಎಕ್ಸ್‌ಟೆಂಡೆಡ್ ಮಿಕ್ಸ್ (ಕತ್ತರಿಸದ ಉದ್ದದ ಆವೃತ್ತಿ) ಅಂತ ಸೇರಿಸಿ ನೋಡಿ, ಎಷ್ಟೋ ಸಲ ಬೇರೆ ಹಾಡೇ ಸಿಕ್ಕ ಹಾಗಾಗುತ್ತೆ.

ಸಿಗ್ನಲ್ಲಲ್ಲಿ ಸಿಕ್ಕಿಹಾಕ್ಕೊಂಡು ಹತ್ತು ನಿಮಿಷ ಇದ್ರೆ ಬಿಗ್ ರೂಮು, ಸ್ಕ್ರಿಲೆಕ್ಸು. ಅಡುಗೆಗೆ, ಓಡೋಕೆ ಅರ್ಧ ಗಂಟೆ ಇದ್ರೆ ಹೌಸು, ಡ್ರಮ್ ಅಂಡ್ ಬಾಸು. ಕೆಲಸಕ್ಕೆ ಕೂತು ಎರಡು ಗಂಟೆ ಇದ್ರೆ ಸೈಟ್ರಾನ್ಸು. ಟ್ರಾನ್ಸ್ ಒಬ್ಬರೇ ಇದ್ದಾಗ, ರಾತ್ರಿ. ಟೆಕ್ನೋಗೆ ಒಂದು ಇಡೀ ರಾತ್ರಿ ಬೇಕು, ಅದು ಬೆಂಗಳೂರಲ್ಲಿ ಸಿಗಲ್ಲ ಅನ್ನೋದೇ ಕಷ್ಟ. 2008ರ ಸುಮಾರಿಗೆ ಇಲ್ಲಿ ಲೈಸೆನ್ಸ್ ಗಲಾಟೆಯಲ್ಲಿ ಪಬ್ಬಲ್ಲಿ ಕುಣಿಯೋದೇ ನಿಂತಿತ್ತು, ಹನ್ನೊಂದೂವರೆಗೆ ಶಟರ್ ಎಳೀತಿದ್ರು, ಆಮೇಲೆ ಒಂದು ಗಂಟೆವರೆಗೆ ಬಿಟ್ಟಿದಾರೆ. ಒಂದಕ್ಕೆ ಮುಚ್ಚೋ ಊರಲ್ಲಿ ಡಿಜೆ ಪಾಪ ಏನು ಮಾಡ್ತಾನೆ, ಬೆಳಗಿನ ಜಾವ ಮೂರಕ್ಕೆ ಬರಬೇಕಾದ ಟ್ರ್ಯಾಕನ್ನ ಹನ್ನೆರಡಕ್ಕೇ ಹಾಕ್ತಾನೆ. ಇದೂ ಕಾಲಮಿತಿ ಆಟವೇ.

ನನ್ನ ಗೆಳೆಯ ಒಬ್ಬನಿದಾನೆ, ಹಾಗೇ ಒಂದು ಟೆಕ್ನೋ ನೈಟಿಗೆ ಹನ್ನೊಂದೂವರೆಗೆ ಹೋಗಿ ಒಂದಕ್ಕೆ ಹೊರಗೆ ಬಂದು "ಒಂದೇ ಹಾಡು ಒಂದೂವರೆ ಗಂಟೆ ಹಾಕಿದ್ರಲ್ಲೋ" ಅಂದಿದ್ದ. ಸರಿ ಅಂತ, ಹೋದ ದೀಪಾವಳಿಗೆ ಊರಿಗೆ ಹೋಗೋವಾಗ ಶಿರಸಿ ಸ್ಲೀಪರ್ ಬಸ್ಸಲ್ಲಿ ನನ್ನ ದೊಡ್ಡ ಹೆಡ್‌ಫೋನ್ ಅವನ ಕಿವಿಗೆ ಹಾಕಿ, ನಾಕು ಗಂಟೆಯ ಸೆಟ್ ಒಂದನ್ನ ಹಚ್ಚಿ, ಮೊದಲ ಇಪ್ಪತ್ತು ನಿಮಿಷ ಏನೂ ಆಗಲ್ಲ ತಡ್ಕೋ ಅಂತ ಹೇಳಿ ಮಲಗಿಸ್ದೆ. ಬೆಳಿಗ್ಗೆ ಬಸ್ ಇಳಿದು ಚಾ ಕುಡೀತಾ ಹೇಗಿತ್ತೋ ಅಂತ ಕೇಳ್ದೆ. "ತುಮಕೂರು ಬರೋದ್ರೊಳಗೆ ನಿದ್ದೆ ಹತ್ತಿತ್ತು ಮಾರಾಯ, ಆದ್ರೆ ರಾತ್ರಿ ಎರಡ್ ಸಲ ಎಚ್ಚರ ಆತು, ಎರಡ್ ಸಲನೂ ಬೇರೆ ಬೇರೆ ಏನೋ ನಡೀತಿತ್ತು" ಅಂದ.